ಹತ್ತು ನಿಮಿಷದ ಅಲೆ

ನಾನೂರು ಲೀಟರ್ ಕಡಲನ್ನು ಗ್ಯಾರೇಜಿನಲ್ಲಿ ಸಾಕಲು ದಿನಕ್ಕೆ ಆರು ಯೂನಿಟ್ ಕರೆಂಟು, ವಾರಕ್ಕೆ ಒಂದೂವರೆ ಕಿಲೋ ಉಪ್ಪು ಬೇಕು. ಕಾರು ಹೊರಗೆ ಬಿಸಿಲಲ್ಲಿ ನಿಲ್ಲಬೇಕು. ಕಡಲು ಬತ್ತಿ ಹನ್ನೆರಡು ವರ್ಷವಾಯಿತು. ಮಲ್ಪೆಯಲ್ಲಿ ಈಗ ಉಪ್ಪುನೀರು, ಮೀನು ಉಳಿದಿರುವುದು ನನ್ನ ಗಾಜಿನ ತೊಟ್ಟಿಯಲ್ಲಿ ಮಾತ್ರ.

ಭಾನುವಾರ ಕಲ್ಯಾಣಿಯಕ್ಕ ಗಂಡನ ಬೂದಿಯ ಮಡಕೆ ಹಿಡಿದು ಬಂದರು. ಅವರ ಗಂಡ ನಲವತ್ತು ವರ್ಷ ಮೀನಿನ ಬೋಟು ನಡೆಸಿದವರು.

"ಇಲ್ಲೇ ಬಿಡ್ತೇನೆ ಭಾಸ್ಕರಣ್ಣ. ಹೊಳೆಗೆ ಮಾತ್ರ ಬಿಡ್ಬೇಡ ಅಂತ ಹೇಳಿಯೇ ಹೋದ್ರು."

"ತೊಟ್ಟಿಗೆ ಬಿಟ್ರೆ ಮೀನೆಲ್ಲ ಸಾಯ್ತವೆ ಅಕ್ಕ."

"ಬದುಕಿದ್ದಾಗ ಕೊಂದದ್ದು ಸಾಲ್ಲಿಲ್ವಾ ಅವರಿಗೆ!" ಎಂದು ನಕ್ಕವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ವಾರಕ್ಕೊಮ್ಮೆ ತೊಟ್ಟಿಯಿಂದ ನಲವತ್ತು ಲೀಟರ್ ಹಳೆ ನೀರು ತೆಗೆದು ಚೆಲ್ಲುತ್ತೇನೆ. ಅದೂ ಕಡಲೇ. ಅಂದಿನ ನೀರನ್ನು ಚೆಲ್ಲದೆ ಡ್ರಮ್ಮಿಗೆ ತುಂಬಿಸಿ ಅವರ ಮುಂದಿಟ್ಟೆ.

ಅವರು ಬಗ್ಗಿ ನೋಡಿದರು. "ಅಲೆಯೇ ಇಲ್ವಲ್ಲ ಮಾರಾಯ್ರೆ."

ತೊಟ್ಟಿಯಲ್ಲಿ ಅಲೆ ಎಬ್ಬಿಸುವ ಪಂಪನ್ನು ಬಿಚ್ಚಿ ಡ್ರಮ್ಮಿಗಿಳಿಸಿದೆ. ನೀರು ಎದ್ದು ಬೀಳತೊಡಗಿತು. ಕಲ್ಯಾಣಿಯಕ್ಕ ಬೂದಿ ಬಿಟ್ಟು, ಅದು ಕರಗುವವರೆಗೂ ಕೈಮುಗಿದು ನಿಂತರು.

ಅವರ ಗಂಡ ಕಡಲು ಸೇರಿದರು. ನನ್ನ ಮೀನುಗಳಿಗೆ ಹತ್ತು ನಿಮಿಷದ ಅಲೆ ನಷ್ಟವಾಯಿತು.