ತೋಟದ ಕಡೆಯ ಗೋಡೆ

ತಟ್ಟಿದರೆ ಸಾಕು, ಊರಿನ ಮನೆಗಳ ಗೋಡೆಗಳು ತಾವು ಕೇಳಿಸಿಕೊಂಡ ಮಾತನ್ನು ಒಪ್ಪಿಸುತ್ತಿದ್ದವು. ಮನೆ ಕೊಳ್ಳುವವರು ಹಲಸಿನಹಣ್ಣು ನೋಡುವಂತೆ ಗೋಡೆ ತಟ್ಟಿ ನೋಡಿಯೇ ಒಪ್ಪುವುದು ರೂಢಿ.

ಅತ್ತೆಯ ಮಂಡಿಗೆ ಮೆಟ್ಟಿಲು ಆಗದೆ, ವಾರಿಜಾ ಸದಾಶಿವನಗರದ ತೋಟವಿದ್ದ ಎರಡಂತಸ್ತಿನ ಡ್ಯೂಪ್ಲೆಕ್ಸ್ ಮನೆ ಮಾರಲು ಹೊರಟಿದ್ದಳು. ಅತ್ತೆ-ಸೊಸೆ ತಮ್ಮಿಬ್ಬರ ಜಗಳ ಕೇಳಿ ಯಾರು ಕೊಂಡಾರು? ಹೊಸ ಮಾತು ಹಳೆಯದನ್ನು ಮುಚ್ಚಲೆಂದು, ಒಂದು ತಿಂಗಳಿಂದ ಕೋಣೆಕೋಣೆಯಲ್ಲೂ ಜೇನಿನಂಥ ಮಾತನ್ನೇ ಆಡಿದ್ದಳು; ಅತ್ತೆಯಿಂದಲೂ ಆಡಿಸಿದ್ದಳು.

ಮನೆ ನೋಡಲು ಬಂದ ಪಂಕಜಮ್ಮ ಅಡುಗೆಮನೆಯ ಗೋಡೆ ತಟ್ಟಿ, ಕೇಳಿ, ಹುಬ್ಬೇರಿಸಿದರು. "ಏನಮ್ಮ, ಇಲ್ಲಿದ್ದೋರು ಮನುಷ್ಯರಾ, ನಾಟಕದ ಕಂಪನಿಯೋರಾ? ನಂಗ್ಯಾಕೋ ಭಯ ಆಗುತ್ತಪ್ಪ."

ವ್ಯಾಪಾರ ಕೈತಪ್ಪಿತು ಎಂದುಕೊಂಡಳು ವಾರಿಜಾ. ಅಷ್ಟರಲ್ಲಿ ಪಂಕಜಮ್ಮ ಹೊರಗೆ ಹೋಗಿ ತೋಟದ ಕಡೆಯ ಗೋಡೆ ತಟ್ಟಿದರು. ಅದೊಂದನ್ನು ವಾರಿಜಾ ಮರೆತೇಬಿಟ್ಟಿದ್ದಳು.

"ಕರಿಬೇವಿಗೆ ಮಜ್ಜಿಗೆ ಹಾಕಿದ್ಯೇನೇ?" ಎಂದಿತು ಗೋಡೆ, ಅತ್ತೆಯ ದನಿಯಲ್ಲಿ.

"ಹಾಕಿದೆ. ನಿಮಗೂ ಒಂದ್ ಲೋಟ ಕೊಡ್ಲಾ? ತಲೆ ತಣ್ಣಗಾಗುತ್ತೆ!" ಎಂದಿತು, ವಾರಿಜಾಳ ದನಿಯಲ್ಲಿ.

"ಕೊಡು, ಕೊಡು. ನೀನೂ ಕುಡಿ, ಬೆಳಗ್ಗಿಂದ ಏನೂ ತಿಂದಿಲ್ಲ, ಮೊಂಡಿ."

ಪಂಕಜಮ್ಮ ಬಿದ್ದು ಬಿದ್ದು ನಕ್ಕರು. "ಈ ಮನೆ ನಂಗೇ ಇರಲಿ. ಇಲ್ಲಿ ಬಾಳಬಹುದು."

ತೋಟದ ಕುರ್ಚಿಯಲ್ಲಿ ಕೂತಿದ್ದ ಅತ್ತೆ ತಲೆಯೆತ್ತಿದರು. "ಗಿಡಕ್ಕೆ ವಾರಕ್ಕೊಮ್ಮೆ ಮಜ್ಜಿಗೆ ಮರೀಬೇಡಿ."

"ನೀರು ಸಾಲದೇನ್ರೀ?"

"ಸಾಲದು! ಕೂತ್ಕೊಳ್ಳಿ, ಹೇಳ್ತೀನಿ."

ಗೋಡೆ ಕೇಳಿಸಿಕೊಳ್ಳುತ್ತಿತ್ತು. ವಾರಿಜಾ ಹಗುರಾಗಿ ಒಳಗೆ ಹೋಗಿ ಮಜ್ಜಿಗೆಗೆ ಮೂರು ಲೋಟ ತೆಗೆದಿಟ್ಟಳು.