ಎತ್ತಿನ ಗಾಡಿ ಕಾಲಂ

ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಮಾರೇನಹಳ್ಳಿ ಹತ್ತಿರ ಕಾರ್ಡ್ ರೋಡನ್ನು ದಾಟಿದ ಎತ್ತಿನ ಗಾಡಿಗಳು: ಸಾವಿರದ ಎಂಟುನೂರ ನಲವತ್ತು. ಎಂಜಿನಿಯರ್ ವೆಂಕಟಗಿರಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದರು. ಅಂಕಿ ಕದಲಲಿಲ್ಲ. ವಾಹನ ಎಣಿಸಲೆಂದು ಹೋದ ತಿಂಗಳಷ್ಟೇ ಟೆಂಪರರಿಯಾಗಿ ತೆಗೆದುಕೊಂಡಿದ್ದ ಚನ್ನಕೇಶವನನ್ನು ಬೆಲ್ ಒತ್ತಿ ಕರೆಸಿದರು.

"ಏನ್ರೀ ಇದು? ಕಡಲೆಕಾಯಿ ಪರಿಷೆಗೂ ಇಷ್ಟು ಗಾಡಿ ಬರಲ್ಲ. ಅಲ್ಲಿ ನಿಂತು ಎಣಿಸಿದ್ರೋ, ಮನೇಲಿ ಮಲಗಿ ಎಣಿಸಿದ್ರೋ?"

"ನಿಂತೇ ಎಣಿಸಿದ್ದು ಸಾರ್. ಅವು ಗಾಡಿಗಳಲ್ಲ, ಜನ. ನಡ್ಕೊಂಡು ರಸ್ತೆ ದಾಟೋರು."

"ಜನಾನ ಎತ್ತಿನ ಗಾಡಿ ಅಂತ ಬರ್ದಿದೀರಾ?"

"ಫಾರಂನಲ್ಲಿ ಲಾರಿ, ಬಸ್ಸು, ಕಾರು, ಸ್ಕೂಟರು, ಸೈಕಲ್ಲು, ಎತ್ತಿನ ಗಾಡಿ ಅಷ್ಟೇ ಇರೋದು ಸಾರ್. ನಡೆಯೋರಿಗೆ ಕಾಲಂ ಇಲ್ಲ. ಹೊಸ ಕಾಲಂ ಹಾಕೋ ಅಧಿಕಾರ ನನಗಿಲ್ಲ. ಎತ್ತಿನ ಗಾಡೀದು ಹೇಗೂ ಖಾಲಿ ಇತ್ತು."

ಎತ್ತಿಗೂ ಒಂದು ಕಾಲಂ ಕೊಟ್ಟ ಪುಣ್ಯಾತ್ಮ ನಡೆಯುವ ಮನುಷ್ಯನನ್ನು ಮರೆತಿದ್ದು ನಿಜವೇ. ಆದರೆ ಅದನ್ನು ಯೋಚಿಸುವ ತಾಳ್ಮೆ ವೆಂಕಟಗಿರಿಯವರಿಗೆ ಇರಲಿಲ್ಲ. ಮಾರೇನಹಳ್ಳಿ ಎದುರು ರಸ್ತೆಯ ಡಿವೈಡರಿನಲ್ಲಿ ಇಬ್ಬರು ಒಟ್ಟಿಗೆ ತೂರುವಷ್ಟು ಒಂದು ಸಂದಿತ್ತು. ಜನ ಅಲ್ಲಿ ದಾಟುವುದರಿಂದ ಲಾರಿಗಳಿಗೆ ಅಡ್ಡಿ ಎಂದು, ಬರುವ ಸೋಮವಾರ ಅದನ್ನು ಕಲ್ಲು ಕಟ್ಟಿ ಮುಚ್ಚಿಸುವುದೆಂದು ತೀರ್ಮಾನವಾಗಿತ್ತು. ಅವರ ಸಹಿಯೊಂದೇ ಬಾಕಿ.

"ನಡೆಯೋರು ಟ್ರಾಫಿಕ್ ಅಲ್ಲ ಕಣ್ರೀ. ಅವರು ಹೇಗೋ ಹೋಗ್ತಾರೆ."

"ಹೇಗೆ ಹೋಗ್ತಾರೆ ಅಂತ ಒಂದ್ಸಲ ಬಂದು ನೋಡಿ ಸಾರ್. ಸಂದು ಮುಚ್ಚಿದ್ರೆ ಮುಂದಿನ ಸರ್ಕಲ್ ತನಕ ಅರ್ಧ ಮೈಲಿ ಸುತ್ತಬೇಕು. ಅವ್ರು ಕೆಲಸಕ್ಕೆ ಹೋಗೋದು ರಸ್ತೆ ಆಚೆಗಿರೋ ಊದುಬತ್ತಿ ಕಾರ್ಖಾನೆಗೆ, ಸೈರನ್ ಆದ್ಮೇಲೆ ಅಲ್ಲಿ ಗೇಟು ತೆಗೆಯಲ್ಲ."

"ನಾಳೆ ಏಳಕ್ಕೆ ಬರ್ತೀನಿ. ಲೆಕ್ಕ ಸುಳ್ಳಾದ್ರೆ ಅಲ್ಲಿಂದ ಹಾಗೇ ಮನೆಗೆ ಹೋಗಿ. ಆಫೀಸ್ ಕಡೆ ತಲೆ ಹಾಕ್ಬೇಡಿ."

ಮರುದಿನ ಚನ್ನಕೇಶವ ಆರೂವರೆಗೇ ಹೋಗಿ ಕಾರ್ಖಾನೆ ಕಡೆಯ ಮೋರಿ ಕಟ್ಟೆಯ ಮೇಲೆ ಫಾರಂ ಹರಡಿಕೊಂಡು ಕೂತ. ಜೀಪು ಬಂದು ನಿಂತದ್ದು ಎದುರಿನ ಮಾರೇನಹಳ್ಳಿ ಕಡೆಯಲ್ಲಿ. ವೆಂಕಟಗಿರಿ ಇಳಿದರು, ರಸ್ತೆಗೆ ಒಂದು ಕಾಲಿಟ್ಟರು. ಲಾರಿ ಹಾರನ್ ಹೊಡೆಯಿತು, ಕಾಲು ಹಿಂದಕ್ಕೆ ಬಂತು. ಹೀಗೆ ಮೂರು ಸಲ. ಊರಿಗೆಲ್ಲ ರಸ್ತೆ ಹಾಕಿಸಿದ ದೊಡ್ಡ ಮನುಷ್ಯರು ತಮ್ಮದೇ ರಸ್ತೆಯ ಅಂಚಿನಲ್ಲಿ ಬೆವರುತ್ತಾ ನಿಂತರು.

ಅಷ್ಟರಲ್ಲಿ ಊರೊಳಗಿಂದ ಹೆಂಗಸರ ದಂಡು ಬಂತು. ಎಲ್ಲರಿಗಿಂತ ಮುಂದೆ ಮುನಿತಾಯಮ್ಮ. ವಯಸ್ಸು ಐವತ್ತು ದಾಟಿತ್ತು, ಊದುಬತ್ತಿ ಹೊಸೆದೂ ಹೊಸೆದೂ ಅಂಗೈ ಕರ್ರಗಾಗಿತ್ತು. ಊಟದ ಕೈಚೀಲ ಹಿಡಿದು ನಿಂತವಳು ಎಂಜಿನಿಯರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಯಾಕ್ ಸಾಮಿ, ದಾಟಾಕ್ ಆಗ್ಲಿಲ್ವಾ? ನಮ್ ಜತೆ ಬನ್ನಿ. ಓಡ್ಬ್ಯಾಡಿ. ಡ್ರೈವರನ್ನ ಗುರಾಯಿಸ್ಕಂಡು ನಡೀರಿ, ಅವ್ನೇ ನಿಲ್ಲುಸ್ತಾನೆ."

ಅವಳು ಆ ಕರಿಯ ಅಂಗೈ ಎತ್ತಿದಳು. ಲಾರಿ ಕಿರ್ರೆಂದು ನಿಂತಿತು. ಹಿಂದಿನ ಬಸ್ಸೂ ನಿಂತಿತು. ಮೂವತ್ತು ನಲವತ್ತು ಹೆಂಗಸರು, ಸ್ಕೂಲಿನ ಮಕ್ಕಳು, ಬುತ್ತಿ ಹಿಡಿದ ಮುದುಕರು ಅವಳ ಹಿಂದೆ ನಡೆದರು. ಸಂದಿನ ಹತ್ತಿರ ಯಾರೂ ನುಗ್ಗಲಿಲ್ಲ. ಯಾರೂ ಹೇಳದೆಯೇ ಒಬ್ಬಳು ತುಂಬು ಬಸುರಿಗೆ ಮೊದಲು ದಾರಿಯಾಯಿತು, ಆಮೇಲೆ ಮಕ್ಕಳಿಗೆ, ಉಳಿದವರು ಇಬ್ಬಿಬ್ಬರಾಗಿ. ಯಾವ ಪೊಲೀಸಿನವರೂ ಕಲಿಸದ ಶಿಸ್ತು ಅದು. ನೋಡಿದರೆ ಕೈ ಮುಗಿಯೋಣ ಅನ್ನಿಸುತ್ತಿತ್ತು. ತಾವು ಮುನಿತಾಯಮ್ಮನ ಕೈಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ ಎಂಬುದು ವೆಂಕಟಗಿರಿಯವರಿಗೆ ಆ ಸಂದಿನಲ್ಲಿ ನಿಂತಾಗಲೇ ಗೊತ್ತಾದದ್ದು. ಗೊತ್ತಾದ ಮೇಲೂ ಬಿಡಲಿಲ್ಲ.

ಈ ಕಡೆ ಸೇರಿದೊಡನೆ ಸೈರನ್ ಕೂಗಿತು. ಹೆಂಗಸರೆಲ್ಲ ಗೇಟಿನತ್ತ ಬಿರುಸಾಗಿ ಹೊರಟರು. ಮುನಿತಾಯಮ್ಮ ನಾಲ್ಕು ಹೆಜ್ಜೆ ಹೋದವಳು ತಿರುಗಿದಳು.

"ವಾಪಸ್ ಯಾರ್ ಜತೆ ಹೋಗ್ತೀರಾ ಸಾಮಿ? ನಾವ್ ಬರಾದು ಸಂಜೆ ಆರಕ್ಕೆ!"

ಚನ್ನಕೇಶವ ತಲೆ ತಗ್ಗಿಸಿ ಎತ್ತಿನ ಗಾಡಿ ಕಾಲಂನಲ್ಲಿ ಗೆರೆಯ ಮೇಲೆ ಗೆರೆ ಎಳೆಯುತ್ತಿದ್ದ. ವೆಂಕಟಗಿರಿ ಬಗ್ಗಿ ಕೊನೆಯ ಗೆರೆಯ ಮೇಲೆ ಬೆರಳಿಟ್ಟರು.

"ಇದ್ಯಾರು?"

"ನೀವೇ ಸಾರ್."

ಅವರು ಪಕ್ಕದಲ್ಲಿ ಕೂತರು. ಒಂಬತ್ತರವರೆಗೆ ಇಬ್ಬರೂ ಸೇರಿ ಎಣಿಸಿದರು. ಹಿಂದಿನ ಲೆಕ್ಕಕ್ಕಿಂತ ಇಪ್ಪತ್ತೊಂದು ಹೆಚ್ಚೇ ಬಂತು. ವೆಂಕಟಗಿರಿ ಪೆನ್ನು ತೆಗೆದು ಫಾರಂನ ಕೆಳಗೆ ದುಂಡಗೆ ಬರೆದರು: 'ಖುದ್ದಾಗಿ ಪರಿಶೀಲಿಸಿದ್ದೇನೆ. ಎತ್ತಿನ ಗಾಡಿಗಳ ಲೆಕ್ಕ ಸರಿಯಿದೆ. ಸಂದು ಮುಚ್ಚತಕ್ಕದ್ದಲ್ಲ.' ಅದರ ಕೆಳಗೆ ಸಹಿ, ತಾರೀಖು.

ಓದಿದ ಚನ್ನಕೇಶವನಿಗೆ ಕಣ್ಣು ತುಂಬಿ ಬಂತು. ಫಾರಂ ಮಡಚತೊಡಗಿದ. ವೆಂಕಟಗಿರಿ ಎದುರಿನ ಜೀಪನ್ನು ನೋಡಿದರು, ಒಂದರ ಹಿಂದೊಂದು ಬರುತ್ತಿದ್ದ ಲಾರಿಗಳನ್ನು ನೋಡಿದರು, ಮತ್ತೆ ಕಟ್ಟೆಯ ಮೇಲೆ ಸರಿಯಾಗಿ ಕೂತುಕೊಂಡರು.

"ಈಗಲೇ ಮಡಚ್ಬೇಡಿ. ಇನ್ನೊಂದು ಗೆರೆ ಇದೆ. ಆಯಮ್ಮ ಬರೋದು ಆರಕ್ಕಂತೆ."