ಸೋಮವಾರದ ಜ್ವರ

ಭಾನುವಾರ ಇಡೀ ದಿನ ರಿಟೈರಾದ ಟೀಚರಮ್ಮನ ಬಾಯಿಂದ ಹೊರಟದ್ದು ಒಂದೇ ಮಾತು, ಹಾಲಿನವನಿಗೆ ಹೇಳಿದ “ಅರ್ಧ ಲೀಟರ್ ಸಾಕಪ್ಪ.” ಪ್ರತಿ ವಾರದಂತೆ ಈ ಸೋಮವಾರ ಬೆಳಿಗ್ಗೆಯೂ ಅವರ ಕಾರು ಸ್ಟಾರ್ಟ್ ಆಗಲಿಲ್ಲ. ಬೀದಿಯ ಕೊನೆಯಲ್ಲಿ ಗ್ಯಾರೇಜಿಟ್ಟುಕೊಂಡಿದ್ದ ಸಾಬರಿಗೆ ಫೋನ್ ಮಾಡಿ, ಎರಡು ಲೋಟ ಚಹಾಕ್ಕೆ ನೀರಿಟ್ಟರು.

ಸಾಬರು ಬಂದವರೇ ನಕ್ಕರು. “ಏನ್ ಟೀಚರಮ್ಮಾ, ಶಾಲೆ ಮಕ್ಕಳ ಹಾಗೆ ನಿಮ್ಮ ಗಾಡಿಗೂ ಸೋಮವಾರವೇ ಜ್ವರ ಬರುತ್ತಲ್ಲ!”

“ಅದಕ್ಕೂ ವಯಸ್ಸಾಯ್ತಲ್ಲ ಸಾಬ್ರೇ.”

“ಹೋದ ವಾರಾನೇ ಬ್ಯಾಟರಿ ವೈರು ಬಿಗಿ ಮಾಡಿದ್ದೆ. ತಾನಾಗೇ ಹೆಂಗೆ ಸಡಿಲ ಆಗುತ್ತೆ ಅಂತೀನಿ?”

ಟೀಚರಮ್ಮ ಚಹಾ ತರಲು ಒಳಗೆ ಹೋದರು. ಕಾರಣ ಗೊತ್ತಾದರೆ ಇವರು ಮತ್ತೆ ಈ ಗೇಟು ದಾಟಿ ಬರಲಾರರು ಎಂಬ ಭಯ ಅವರಿಗೆ.

ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಇಂಜಿನ್ ಗುರುಗುಟ್ಟುತ್ತಿತ್ತು. ಸಾಬರು ಬಾನೆಟ್ ಮುಚ್ಚಿದರು. ಕಟ್ಟೆಯ ಮೇಲೆ ಕೂತು ನಿಧಾನವಾಗಿ ಚಹಾ ಕುಡಿದು, ಖಾಲಿ ಲೋಟದ ಜೊತೆ ಒಂದು ಪುಟ್ಟ ಸ್ಪ್ಯಾನರನ್ನೂ ಟೀಚರಮ್ಮನ ಕೈಗಿಟ್ಟರು.

“ಬ್ಯಾಟರಿ ಪಕ್ಕ ಮರೆತುಬಿಟ್ಟಿದ್ರಿ. ಮುಂದಿನ ಸೋಮವಾರ ಬೇಕಾಗುತ್ತೆ.”